ಜೆ.ಜೆ. ಆಸ್ಪತ್ರೆ ಕಟ್ಟಿಸಿದವರ ಅಫೀಮು ವ್ಯಾಪಾರ: ಮಗಳ ಭಾಷಣದಲ್ಲಿ ಹೇಳಿಸಲೋ, ಬೇಡವೋ?

ಮುಲುಂಡಿನ ಅಮ್ಮ
ಎಲ್ಲರಿಗೂ ನಮಸ್ಕಾರ. ನಾಲ್ಕು ದಿನದಿಂದ ನಮ್ಮ ಮನೆಯಲ್ಲಿ ಒಂದೇ ಚರ್ಚೆ. ಬಗೆಹರಿಯುತ್ತಿಲ್ಲ, ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ನಮ್ಮ ಕನ್ನಡ ಸಂಘದಲ್ಲಿ ಮಕ್ಕಳಿಗೆ ಭಾಷಣ ಸ್ಪರ್ಧೆ ಇದೆ. ವಿಷಯ "ಮುಂಬಯಿಯ ಒಬ್ಬ ದಾನಿ", ಆರು ನಿಮಿಷ. ಒಂಬತ್ತನೇ ಕ್ಲಾಸಿನ ನನ್ನ ಮಗಳು ಸರ್ ಜಮ್ಶೆಟ್‌ಜೀ ಜೀಜೀಭಾಯ್ ಅವರನ್ನು ಆರಿಸಿಕೊಂಡಳು. ಕಾರಣ ನನ್ನ ಮಾವ. ಅವರು ಕಾರ್ಕಳದ ಕಡೆಯ ಹಳ್ಳಿಯಿಂದ ಹದಿಮೂರನೇ ವಯಸ್ಸಿಗೆ ಫೋರ್ಟಿನ ಒಂದು ಹೋಟೆಲಿಗೆ ಗ್ಲಾಸು ತೊಳೆಯಲು ಬಂದವರು. ಮರುವರ್ಷ, 1962ರಲ್ಲಿ, ಟೈಫಾಯ್ಡ್ ಆಯಿತು. ಹೋಟೆಲಿನ ಮಾಲಕರು ಎತ್ತಿಕೊಂಡು ಹೋಗಿ ಜೆ.ಜೆ. ಆಸ್ಪತ್ರೆಗೆ ಸೇರಿಸಿದರಂತೆ. ಇಪ್ಪತ್ತೆರಡು ದಿನ ಅಲ್ಲೇ ಇದ್ದರು, ಬಿಲ್ಲು ಅಂತ ಯಾರೂ ಕೇಳಲಿಲ್ಲ. ಇವತ್ತಿಗೂ ಟ್ಯಾಕ್ಸಿ ಭಾಯಖಳಾ ಕಡೆ ತಿರುಗಿದರೆ ಆ ಗೇಟಿಗೆ ಕೈ ಮುಗಿಯುತ್ತಾರೆ.

ಮಗಳು ಓದುತ್ತಾ ಹೋದಳು. 1783ರಲ್ಲಿ ಹುಟ್ಟಿದ್ದು, 16ನೇ ವಯಸ್ಸಿಗೆ ತಂದೆ ತಾಯಿ ಇಬ್ಬರೂ ಇಲ್ಲ, ಖಾಲಿ ಬಾಟಲಿಗಳ ವ್ಯಾಪಾರ ಮಾಡುತ್ತಿದ್ದ ಸೋದರಮಾವನ ಕೈಕೆಳಗೆ ಸೇರಿದ್ದು, ಹಡಗು ಹತ್ತಿ ಚೀನಾಕ್ಕೆ ಹೋಗಿದ್ದು, ದುಡ್ಡು ಮಾಡಿದ್ದು, ಆಮೇಲೆ ಆಸ್ಪತ್ರೆ, ಚಿತ್ರಕಲಾ ಶಾಲೆ, ಸೇತುವೆ. ಬಹಳ ಖುಷಿಯಿಂದ ಬರೆಯುತ್ತಿದ್ದಳು. ಮೊನ್ನೆ ರಾತ್ರಿ ಪೆನ್ನು ಕೆಳಗಿಟ್ಟು ಕೇಳಿದಳು: "ಅಮ್ಮಾ, ಇವರು ಚೀನಾಕ್ಕೆ ಕಳಿಸುತ್ತಿದ್ದದ್ದು ಅಫೀಮಂತೆ. ಅಫೀಮು ಅಂದರೆ ಡ್ರಗ್ಸ್ ತಾನೇ?"

ಮಾವ ಹೇಳಿದ್ದು ಒಂದೇ ಮಾತು: "ಉಂಡ ಮನೆಯ ಜಂತೆ ಎಣಿಸಬಾರದು." ನನ್ನ ಗಂಡನಿಗೂ ಹಾಗೆಯೇ ಅನ್ನಿಸುತ್ತದೆ. ನನಗೆ ಗೊತ್ತಾಗುತ್ತಿಲ್ಲ. ಹದಿನಾಲ್ಕು ವರ್ಷದ ಹುಡುಗಿ ವೇದಿಕೆ ಮೇಲೆ ನಿಂತು ಈ ಮಾತು ಹೇಳಬೇಕೋ, ಬೇಡವೋ?

ಡೊಂಬಿವಲಿ 1978
ಬೇಡ. ಮಕ್ಕಳ ಸ್ಪರ್ಧೆ ಅದು. ಒಳ್ಳೆಯದನ್ನು ಹೇಳಲಿ.

ವಡಾಳಾ ಮಾಸ್ತರ್ತಿ
ಖಂಡಿತ ಹೇಳಬೇಕು. ಮಗು ತಾನಾಗಿಯೇ ಕಂಡುಕೊಂಡ ಸಂಗತಿ ಅದು. ಈಗ ದೊಡ್ಡವರು "ಅದನ್ನು ಬಿಟ್ಟುಬಿಡು" ಅಂದರೆ ಮುಂದೆ ಓದುವಾಗ ಯಾವುದನ್ನು ಬಿಡಬೇಕು ಅಂತಲೇ ಹುಡುಕುತ್ತಾಳೆ. ಮೂವತ್ತು ವರ್ಷ ಪಾಠ ಮಾಡಿದ್ದೇನೆ, ಇದನ್ನು ಕಣ್ಣಾರೆ ಕಂಡಿದ್ದೇನೆ.

ಸೋಲಾಪುರದಿಂದ ಪುಣೆಗೆ
ಅಲ್ರೀ ಅಕ್ಕಾರ, ಆ ಕಾಲದಾಗ ಅಫೀಮು ಕಾಯ್ದೆಬದ್ಧ ಇತ್ತು. ಕಂಪನಿ ಸರ್ಕಾರನ ಕಲಕತ್ತಾದಾಗ ಪೆಟಗಿ ಪೆಟಗಿ ಹರಾಜು ಹಾಕ್ತಿತ್ತು. ಇವತ್ತಿನ ಫೂಟಪಟ್ಟಿ ಹಿಡಕೊಂಡು ಇನ್ನೂರು ವರ್ಷದ ಹಿಂದಿನವರನ್ನ ಅಳೀಬ್ಯಾಡ್ರಿ. ಇಲ್ಲೆ ಪುಣೆದಾಗ ಬಂಡ್ ಗಾರ್ಡನ್ ಅಂತೀವಲ್ಲ, ಆ "ಬಂಡ್" ಅವರದ. ಮುಳಾ-ಮುಠಾ ನದಿಗೆ ಅಡ್ಡ ಕಟ್ಟಿದ ಒಡ್ಡು, 1850ರ ಸುಮಾರಿಗೆ ಮುಗೀತು, ರೊಕ್ಕದ ದೊಡ್ಡ ಪಾಲು ಅವರದ. ಊರಿಗೆ ನೀರು ಕೊಟ್ಟವರು. ದಿನಾ ಮುಂಜಾನೆ ಅಲ್ಲೆ ವಾಕಿಂಗ್ ಹೋಗ್ತೀನಿ, ಅದಕ್ಕ ಹೇಳಾಕತ್ತೀನಿ.

ಅಂಧೇರಿ ಪೂರ್ವ
ಇವರೇ ಅಲ್ವಾ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್ ಮಾಡಿದ್ದು? ಅದನ್ನೂ ಸೇರಿಸಿ, ಕನ್ನಡ ಸಂಘದಲ್ಲಿ ಚಪ್ಪಾಳೆ ಬೀಳುತ್ತೆ.

ವಡಾಳಾ ಮಾಸ್ತರ್ತಿ
ಅಂಧೇರಿಯವರೇ, ಅದು ಬೇರೆ ಜಮ್ಶೆಟ್‌ಜೀ. ನೀವು ಹೇಳುತ್ತಿರುವುದು ಜಮ್ಶೆಟ್‌ಜೀ ಟಾಟಾ ಅವರನ್ನು. ಅವರು ಹುಟ್ಟಿದ್ದು 1839ರಲ್ಲಿ, ನವಸಾರಿಯಲ್ಲಿ. ಜೀಜೀಭಾಯ್ ತೀರಿಹೋದದ್ದು 1859ರಲ್ಲಿ, ಟಾಟಾ ಅವರಿಗೆ ಆಗ ಇಪ್ಪತ್ತು ವರ್ಷ. ಬೆಂಗಳೂರಿನ ಸಂಸ್ಥೆ ಶುರುವಾಗಿದ್ದು 1909ರಲ್ಲಿ, ಜಾಗ ಕೊಟ್ಟದ್ದು ಮೈಸೂರು ಸಂಸ್ಥಾನ, 371 ಎಕರೆ. ಮಗು ಇವರಿಬ್ಬರನ್ನು ಬೆರೆಸದಂತೆ ನೋಡಿಕೊಳ್ಳಿ, ತೀರ್ಪುಗಾರರು ಅಲ್ಲೇ ಹಿಡಿಯುತ್ತಾರೆ.

ಅಂಧೇರಿ ಪೂರ್ವ
ಓಹ್, ತಪ್ಪಾಯಿತು. ಮಾಹಿಮಿನ ಲೇಡಿ ಜಮ್ಶೆಡ್‌ಜೀ ರೋಡಿನವರೂ ಟಾಟಾ ಮನೆಯವರು ಅಂದುಕೊಂಡಿದ್ದೆ ಇಷ್ಟು ವರ್ಷ!

ಮೊಗಲ್ ಲೇನ್ ಹಳಬ
ಅಲ್ಲ. ಆ ಲೇಡಿ ಜಮ್ಶೆಡ್‌ಜೀ ಅಂದರೆ ಆವಾಬಾಯಿ, ಜೀಜೀಭಾಯ್ ಅವರ ಹೆಂಡತಿ, ಆ ಬಾಟಲಿ ವ್ಯಾಪಾರಿ ಸೋದರಮಾವನ ಮಗಳು. ಅವರ ಕಥೆಯನ್ನು ಯಾರೂ ಸರಿಯಾಗಿ ಹೇಳುವುದಿಲ್ಲ, ನಾನು ಹೇಳುತ್ತೇನೆ.

ಆಗ ಮಾಹಿಮಿಗೂ ಬಾಂದ್ರಾಕ್ಕೂ ನಡುವೆ ಖಾಡಿ. ದೋಣಿಯಲ್ಲೇ ದಾಟಬೇಕು. ಮಳೆಗಾಲದಲ್ಲಿ ದೋಣಿ ಮಗುಚಿ ಜನ ಸಾಯುತ್ತಿದ್ದರು. ದಾರಿ ಕಟ್ಟಿಕೊಡಿ ಅಂದರೆ ಕಂಪನಿ ಸರ್ಕಾರ ದುಡ್ಡು ಕೊಡಲಿಲ್ಲ. ಆವಾಬಾಯಿ 1,57,000 ರೂಪಾಯಿ ಕೊಟ್ಟರು. 1845ರಲ್ಲಿ ಕಾಸ್‌ವೇ ತೆರೆಯಿತು. ಹಾಕಿದ ಷರತ್ತು ಒಂದೇ: ದಾಟುವವರ ಹತ್ತಿರ ಸುಂಕ ವಸೂಲಿ ಮಾಡಬಾರದು. ಬಾಂದ್ರಾ ಕಡೆಯಿಂದ ಮೊಗಲ್ ಲೇನಿನ ಕರ್ನಾಟಕ ಸಂಘದ ಕಾರ್ಯಕ್ರಮಗಳಿಗೆ ಬರುವವರೆಲ್ಲ ಆ ಹೆಂಗಸಿನ ದಾರಿಯಲ್ಲೇ ಬರುವುದು. ಮಗಳ ಭಾಷಣದಲ್ಲಿ ಆವಾಬಾಯಿಗೆ ಒಂದು ನಿಮಿಷವಾದರೂ ಇರಲಿ ಅಮ್ಮಾ.

ಡೊಂಬಿವಲಿ 1978
ಈಗ ಆ ಕಾಸ್‌ವೇ ದಾಟಲು ಒಂದು ಗಂಟೆ ಬೇಕು. ಮೊನ್ನೆ ಮಗನ ಸಂದರ್ಶನಕ್ಕೆ ಹೊರಟು ಮಾಹಿಮಿನಲ್ಲೇ ಸಿಕ್ಕಿಬಿದ್ದೆವು.

ಚರ್ನಿ ರೋಡ್ ಚಾಳ್
ಚರ್ನಿ ರೋಡ್ ಬಗ್ಗೆಯೂ ಹೇಳಿಸಿ! ಎಸ್ಪ್ಲನೇಡ್ ಮೈದಾನದಲ್ಲಿ ದನ ಮೇಯಿಸಲು ಕಂಪನಿ ಶುಲ್ಕ ಹಾಕಿತು. ಬಡವರು ಕೊಡಲಾರದೆ ಕಂಗಾಲಾದರು. ಇವರು 20 ಸಾವಿರ ರೂಪಾಯಿ ಕೊಟ್ಟು ಠಾಕುರ್‌ದ್ವಾರದ ಸಮುದ್ರದಂಡೆಯ ಹುಲ್ಲುಗಾವಲು ಕೊಂಡು ದನಗಳಿಗೆ ಬಿಟ್ಟರು. ದನ ಚರುವ ಜಾಗ, ಅದಕ್ಕೇ ಚರ್ನಿ. ನಮ್ಮಜ್ಜ ಹೇಳುತ್ತಿದ್ದರು.

ಮೊಗಲ್ ಲೇನ್ ಹಳಬ
ಹುಲ್ಲುಗಾವಲು ಕೊಂಡದ್ದು ಸರಿ. ಹೆಸರಿನ ವಿಚಾರದಲ್ಲಿ ಇನ್ನೊಂದು ಮಾತೂ ಇದೆ. ಠಾಣೆಯ ಹತ್ತಿರದ ಚೆಂದಣಿಯಿಂದ ಬಂದವರು ಗಿರಗಾಂವ್ ಕಡೆ ನೆಲೆಸಿದರು, ಆ ಊರಿನ ಹೆಸರೇ ಚರ್ನಿ ಆಯಿತು ಎಂದು ಹಳೆಯ ಗೆಜೆಟಿಯರ್ ಹೇಳುತ್ತದೆ.

ಚರ್ನಿ ರೋಡ್ ಚಾಳ್
ಗೆಜೆಟಿಯರ್ ಬರೆದವರು ಚಾಳಿನಲ್ಲಿ ಇದ್ದವರಲ್ಲ ಸ್ವಾಮಿ. ನಮ್ಮಜ್ಜನ ಮಾತೇ ನನಗೆ ಸರಿ.

ಪಣಜಿ ಗ್ರಂಥಾಲಯ
ಗೋವಾದಿಂದ ಬರೆಯುತ್ತಿದ್ದೇನೆ. ಅಫೀಮಿನ ವಿಷಯ ಎಲ್ಲರೂ ಬದಿಗೆ ಸರಿಸಿ ದನ, ರಸ್ತೆ ಅಂತ ಹೊರಟಿದ್ದೀರಿ. ಅಮ್ಮ ಕೇಳಿದ್ದು ಅದನ್ನಲ್ಲ.

"ಕಾಯ್ದೆಬದ್ಧ" ಎಂದ ಪುಣೆಯ ಅಣ್ಣನವರಿಗೆ ಗೌರವದಿಂದಲೇ ಹೇಳುತ್ತೇನೆ, ಅದು ಅರ್ಧ ಮಾತು. ಮಾರುವ ಇಲ್ಲಿ ಕಾನೂನಿನ ಅಡ್ಡಿ ಇರಲಿಲ್ಲ. ಕೊಳ್ಳುವ ಅಲ್ಲಿ ಇತ್ತು. ಚೀನಾದ ಚಕ್ರವರ್ತಿ ಮೊದಲ ನಿಷೇಧ ಹಾಕಿದ್ದೇ 1729ರಲ್ಲಿ. ಆಮೇಲೆ ಮತ್ತೆ ಮತ್ತೆ ಹಾಕಿದರು. ಆದ್ದರಿಂದ ಕ್ಯಾಂಟನ್ ಹತ್ತಿರ ಹಡಗು ನಿಲ್ಲಿಸಿ, ಸಣ್ಣ ದೋಣಿಗಳಲ್ಲಿ, ಅಧಿಕಾರಿಗಳಿಗೆ ಲಂಚ ಕೊಟ್ಟು ಒಳಗೆ ಸಾಗಿಸುತ್ತಿದ್ದರು. ಅದು ಕಳ್ಳಸಾಗಣೆ. ಮುಂಬಯಿಯ ವ್ಯಾಪಾರಿಗಳಿಗೆ ಇದು ಗೊತ್ತಿರಲಿಲ್ಲ ಅನ್ನುವ ಹಾಗಿಲ್ಲ. ಜೀಜೀಭಾಯ್ ಸ್ವತಃ ಹಲವು ಸಲ ಚೀನಾಕ್ಕೆ ಹೋಗಿಬಂದವರು.

ಇನ್ನೊಂದು ಸಂಗತಿ. ಪಟನಾ, ಬನಾರಸ್ ಕಡೆಯ ಅಫೀಮು ಕಂಪನಿಯ ಏಕಸ್ವಾಮ್ಯ. ಮಾಳವದ್ದು ಹಾಗಲ್ಲ, ಅದು ದೇಶೀ ಸಂಸ್ಥಾನಗಳ ಬೆಳೆ. ಕಂಪನಿ ತಡೆಯಲು ನೋಡಿದಾಗ ಮಾಲು ಮರುಭೂಮಿ ಸುತ್ತಿ, ಕರಾಚಿ ಸೇರಿ, ಅಲ್ಲಿಂದ ಪೋರ್ಚುಗೀಸರ ದಮನ್‌ಗೆ ಬರುತ್ತಿತ್ತು. ನಮ್ಮ ಪಣಜಿಯ ಮಾಮಾಯಿ ಕಾಮತರ ಮನೆತನವೂ ಈ ವಹಿವಾಟಿನಲ್ಲಿತ್ತು. ಗೋವಾ ಮೂಲದ ರೊಜೆರಿಯೊ ದ ಫಾರಿಯಾ, ಜೈನ ವ್ಯಾಪಾರಿ ಮೋತಿಚಂದ್ ಅಮಿಚಂದ್, ಕೊಂಕಣಿ ಮುಸ್ಲಿಂ ಮನೆತನದ ರೋಗೆ, ಪಾರ್ಸಿ ಜೀಜೀಭಾಯ್ ಪಾಲುದಾರರಾಗಿದ್ದರು. ತಡೆಯಲಾಗದೆ ಕಂಪನಿ 1830ರ ಸುಮಾರಿಗೆ ಪೆಟ್ಟಿಗೆಗೆ ಇಷ್ಟು ಅಂತ ಪಾಸ್ ಶುಲ್ಕ ಹಾಕಿ ಮುಂಬಯಿ ಬಂದರನ್ನೇ ತೆರೆಯಿತು. ಮುಂಬಯಿ ದೊಡ್ಡದಾದದ್ದು ಹತ್ತಿಯಿಂದ ಅಂತ ಶಾಲೆಯಲ್ಲಿ ಓದಿದ್ದೆವು. ಹತ್ತಿಗಿಂತ ಮೊದಲು, ಹತ್ತಿಯ ಜೊತೆಗೆ, ಇದೂ ಇತ್ತು. ನಮ್ಮ ಗೋವಾ ಕೈ ತೊಳೆದುಕೊಳ್ಳುವ ಹಾಗಿಲ್ಲ, ಅದಕ್ಕೇ ಇಷ್ಟು ಬರೆದೆ.

ಸೋಲಾಪುರದಿಂದ ಪುಣೆಗೆ
ಒಪ್ಪಿದೆ, ಚೀನಾದಾಗ ನಿಷೇಧ ಇದ್ದದ್ದು ನನಗ ಗೊತ್ತಿದ್ದಿಲ್ಲ. ಆದ್ರೂ ಒಂದು ಕೇಳ್ತೀನಿ. ಆವಾಗ ಇದ್ದವರ್ಯಾರಿಗೂ ಅದು ತಪ್ಪು ಅನ್ನಿಸಿದ್ದಿಲ್ಲ ಅಂದ ಮ್ಯಾಲೆ ಇವರೊಬ್ಬರನ್ನ ಕಟಕಟ್ಯಾಗ ನಿಲ್ಲಿಸೂದು ನ್ಯಾಯ ಏನ್ರಿ?

ಪಣಜಿ ಗ್ರಂಥಾಲಯ
ಅನ್ನಿಸಿದವರು ಇದ್ದರು, ಅವರದೇ ಸಮಾಜದಲ್ಲಿ. ದಾದಾಭಾಯಿ ನವರೋಜಿ. 1855ರಲ್ಲಿ ಕಾಮಾ ಕಂಪನಿಯ ಪಾಲುದಾರರಾಗಿ ಲಂಡನ್‌ಗೆ ಹೋದರು. ಅಫೀಮು, ಮದ್ಯದ ಲಾಭದಲ್ಲಿ ತನಗೆ ಪಾಲು ಬೇಡ ಎಂದು ಮೂರು ವರ್ಷದಲ್ಲಿ ಬಿಟ್ಟು ಹೊರಬಂದರು. ಆಗ ಜೀಜೀಭಾಯ್ ಇನ್ನೂ ಬದುಕಿದ್ದರು. ಅದೇ ಊರು, ಅದೇ ಪಾರ್ಸಿ ಸಮಾಜ, ಅದೇ ಕಾಲ. ಇದು ನನ್ನ ಫೂಟಪಟ್ಟಿ ಅಲ್ಲ, ದಾದಾಭಾಯಿಯವರದು.

ಸೋಲಾಪುರದಿಂದ ಪುಣೆಗೆ
ಇದು ಖರೆ ಆತು ನೋಡ್ರಿ. ಇದಕ್ಕ ನನ್ನ ಹಂತ್ಯಾಕ ಉತ್ತರ ಇಲ್ಲ.

ಘಾಟ್‌ಕೋಪರ್ ಲೆಕ್ಕಿಗ
ನನ್ನ ಬಳಿ ಇದೆ. ದಾದಾಭಾಯಿಯವರು ದೊಡ್ಡವರು, ಸಂಶಯವಿಲ್ಲ. ಆದರೆ ಜೀಜೀಭಾಯ್ ತಪ್ಪು ಮುಚ್ಚಿಕೊಳ್ಳಲು ದಾನ ಮಾಡಿದರು ಅಂತ ಕೆಲವರು ಬರೆಯುತ್ತಾರೆ, ಅದನ್ನು ನಾನು ಒಪ್ಪುವುದಿಲ್ಲ. ವರ್ಷಗಳನ್ನು ಜೋಡಿಸಿ ನೋಡಿ. 1822ರಲ್ಲೇ ಸಾಲ ತೀರಿಸಲಾಗದೆ ಜೈಲಿನಲ್ಲಿದ್ದ ಬಡವರ ಸಾಲವನ್ನು ತಾವೇ ತೀರಿಸಿ ಬಿಡಿಸಿದರು. ಆಗ ಬಿರುದೂ ಇಲ್ಲ, ಅಫೀಮು ಯುದ್ಧವೂ ಇಲ್ಲ. 1837ರಲ್ಲಿ ಸೂರತ್ ಹೊತ್ತಿ ಉರಿದಾಗ ನೆರವು ಕಳಿಸಿದರು. ಆಸ್ಪತ್ರೆಗೆ ಒಂದು ಲಕ್ಷ ಕೊಟ್ಟರು, 1845ರಲ್ಲಿ ಅದು ಗ್ರಾಂಟ್ ಮೆಡಿಕಲ್ ಕಾಲೇಜಿನ ಜೊತೆಗೇ ಶುರುವಾಯಿತು. 1849ರಲ್ಲಿ ಪಾರ್ಸಿ ಬಡ ಮಕ್ಕಳಿಗೆ ಶಾಲೆಗಳು. ಚಿತ್ರಕಲಾ ಶಾಲೆಗೆ ಮತ್ತೊಂದು ಲಕ್ಷ, 1857ರಲ್ಲಿ ಆರಂಭ. ತಬ್ಬಲಿಯಾಗಿ ಬೆಳೆದ ಮನುಷ್ಯ, ಹಸಿವು ಅಂದರೆ ಏನು ಅಂತ ಗೊತ್ತಿತ್ತು, ಕೊಟ್ಟರು. ಇವತ್ತು ದೊಡ್ಡ ಕಂಪನಿಗಳು ಲಾಭದ ನೂರಕ್ಕೆ ಎರಡು ರೂಪಾಯಿ ಸಮಾಜಕ್ಕೆ ಕೊಡಬೇಕು ಅಂತ 2013ರ ಕಾಯ್ದೆಯೇ ಇದೆ. ನಾನು ಆ ಲೆಕ್ಕಗಳನ್ನು ನೋಡುವವನು. ಯಾವ ಕಾಯ್ದೆಯೂ ಹೇಳದೆ ಕೊಟ್ಟವರ ಬಗ್ಗೆ ಮಾತಾಡುವಾಗ ನನಗೆ ತಲೆ ಬಾಗುತ್ತದೆ.

ಪಣಜಿ ಗ್ರಂಥಾಲಯ
ಬಾಗಲಿ. ಆದರೆ ಇದನ್ನೂ ಜೋಡಿಸಿ. 1839ರಲ್ಲಿ ಚೀನಾದ ಅಧಿಕಾರಿ ಲಿನ್ ಝೆಶೂ 20 ಸಾವಿರಕ್ಕೂ ಹೆಚ್ಚು ಪೆಟ್ಟಿಗೆ ಅಫೀಮು ಹಿಡಿದು, ಸುಣ್ಣ ಬೆರೆಸಿ ಸಮುದ್ರಕ್ಕೆ ಬಿಟ್ಟ. ಮುಂಬಯಿ ವ್ಯಾಪಾರಿಗಳ ಮಾಲೂ ಅದರಲ್ಲಿತ್ತು. ಬ್ರಿಟಿಷರು ಯುದ್ಧ ಮಾಡಿದರು. 1842ರ ನಾನ್‌ಕಿಂಗ್ ಒಪ್ಪಂದದಲ್ಲಿ ಹಾಂಗ್‌ಕಾಂಗ್ ಕಿತ್ತುಕೊಂಡರು, 2 ಕೋಟಿ 10 ಲಕ್ಷ ಬೆಳ್ಳಿ ಡಾಲರ್ ದಂಡ ಹಾಕಿದರು. ಅದರಲ್ಲಿ 60 ಲಕ್ಷ ಆ ಅಫೀಮಿನ ಬೆಲೆಗೇ. ವಿಷ ಕೊಂಡವನೇ ದಂಡ ಕಟ್ಟಿದ. ಜೀಜೀಭಾಯ್ "ಸರ್" ಆದದ್ದು ಅದೇ 1842ರಲ್ಲಿ.

ಅಂಧೇರಿ ಪೂರ್ವ
ಒಂದು ಸಣ್ಣ ಪ್ರಶ್ನೆ, ಅವರು ಚೀನಾ ವ್ಯಾಪಾರಕ್ಕೆ ಹೇಗೆ ಇಳಿದರು? ಬಾಟಲಿ ಅಂಗಡಿಯಿಂದ ಹಡಗಿಗೆ ಹೇಗೆ?

ಘಾಟ್‌ಕೋಪರ್ ಲೆಕ್ಕಿಗ
ಆ ಕಥೆ ಚೆನ್ನಾಗಿದೆ. 1805ರ ಪ್ರಯಾಣದಲ್ಲಿ ಅವರಿದ್ದ ಬ್ರನ್ಸ್‌ವಿಕ್ ಹಡಗನ್ನು ಫ್ರೆಂಚರು ಹಿಡಿದರು. ಸೆರೆಯಾಳಾಗಿ ಆಫ್ರಿಕದ ತುದಿಯ ಕೇಪ್‌ವರೆಗೆ ಹೋದರು. ಅದೇ ಹಡಗಿನಲ್ಲಿ ವೈದ್ಯನಾಗಿದ್ದ ಸ್ಕಾಟ್ಲೆಂಡಿನವನೊಬ್ಬ, ವಿಲಿಯಂ ಜಾರ್ಡಿನ್. ಸೆರೆಯಲ್ಲಿ ಹುಟ್ಟಿದ ಸ್ನೇಹ. ಅವನೇ ಮುಂದೆ 1832ರಲ್ಲಿ ಜಾರ್ಡಿನ್ ಮ್ಯಾಥೆಸನ್ ಕಂಪನಿ ಕಟ್ಟಿದ್ದು. ಕ್ಯಾಂಟನ್‌ನಲ್ಲಿ ಅವನು, ಮುಂಬಯಿಯಲ್ಲಿ ಇವರು. ಹತ್ತಿಯೂ ಅಫೀಮೂ ಆ ದಾರಿಯಲ್ಲೇ ಹೋದವು.

ಕಟಪಾಡಿ-ಬೊರಿವಲಿ
ಚಿತ್ರಕಲಾ ಶಾಲೆ ಅಂದಿರಲ್ಲ, ನಮ್ಮ ಕೆ.ಕೆ. ಹೆಬ್ಬಾರರನ್ನು ಯಾರೂ ನೆನೆಯಲಿಲ್ಲ ಮಾರಾಯ್ರೆ! ಉಡುಪಿ ಹತ್ತಿರದ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದವರು. ಜೆ.ಜೆ.ಯಲ್ಲೇ ಕಲಿತು, ಅಲ್ಲೇ ಕಲಿಸಿ, ಮುಂಬಯಿಯಲ್ಲೇ ಉಳಿದವರು. ಕರಾವಳಿಯ ಹುಡುಗನೊಬ್ಬನಿಗೆ ಬಣ್ಣದ ದಾರಿ ತೋರಿಸಿದ ಕಟ್ಟಡ ಅದು. ಕನ್ನಡ ಸಂಘದ ಸ್ಪರ್ಧೆ ಅಲ್ವಾ, ಈ ಮಾತು ಬೇಕೇ ಬೇಕು.

ಕಲ್ವಾದ ನರ್ಸಕ್ಕ
ಎರಡು ದಿನದಿಂದ ಓದುತ್ತಿದ್ದೇನೆ. ಬರೆಯಲೋ ಬೇಡವೋ ಅಂದುಕೊಂಡು ಈಗ ಬರೆಯುತ್ತಿದ್ದೇನೆ.

ನನ್ನ ಅಣ್ಣ ಗರ್ದಿನಿಂದ ಸತ್ತ. ಮುಂಬಯಿಯಲ್ಲಿ ಎಂಬತ್ತರ ದಶಕದಲ್ಲಿ ಇದ್ದವರಿಗೆ ಆ ಪದ ಗೊತ್ತು. ಬ್ರೌನ್ ಶುಗರ್. ಅದು ಬರುವುದೂ ಆ ಗಸಗಸೆ ಗಿಡದ ಹಾಲಿನಿಂದಲೇ. ಅಣ್ಣ ಮಿಲ್ಲಿನಲ್ಲಿದ್ದ. 1982ರ ಮುಷ್ಕರದಲ್ಲಿ ಕೆಲಸ ಹೋಯಿತು. ಆಮೇಲೆ ಯಾರೋ ಸಿಗರೇಟಿನ ಬೆಳ್ಳಿ ಕಾಗದದ ಮೇಲೆ ಹೊಗೆ ಎಳೆಯುವುದು ಕಲಿಸಿದರು. ಅಮ್ಮನ ಕರಿಮಣಿ ಹೋಯಿತು, ನನ್ನ ನರ್ಸಿಂಗ್ ಫೀಸು ಹೋಯಿತು, ಮನೆಯ ಸ್ಟೀಲಿನ ಡಬ್ಬಗಳು ಒಂದೊಂದೇ ಹೋದವು. ಚಾಳಿನವರು ಅವನನ್ನು ಗರ್ದುಲ್ಲಾ ಅಂತ ಕರೆಯುತ್ತಿದ್ದರು, ಹೆಸರು ಹಿಡಿದು ಕರೆಯುವುದನ್ನೇ ಬಿಟ್ಟರು. ಕೊನೆಗೆ ಸೇತುವೆ ಕೆಳಗೆ ಸಿಕ್ಕ. ಇಪ್ಪತ್ತೊಂಬತ್ತು ವರ್ಷ.

ನಾನು ಮೂವತ್ತನಾಲ್ಕು ವರ್ಷ ಸರ್ಕಾರಿ ವಾರ್ಡುಗಳಲ್ಲಿ ಕೆಲಸ ಮಾಡಿದೆ. ಬಡವರಿಗೆ ಒಂದು ಹಾಸಿಗೆ ಅಂದರೆ ಏನು ಅಂತ ನನಗಿಂತ ಚೆನ್ನಾಗಿ ಗೊತ್ತಿರುವವರು ಕಡಿಮೆ. ಅಮ್ಮ, ನಿಮ್ಮ ಮಾವನವರು ಗೇಟಿಗೆ ಕೈ ಮುಗಿಯುತ್ತಾರಲ್ಲ, ಮುಗಿಯಲಿ, ನಾನೂ ಮುಗಿಯುತ್ತೇನೆ. ಆದರೆ ಆ ಪೆಟ್ಟಿಗೆಗಳು ಇಳಿದ ಊರಲ್ಲೂ ನನ್ನ ಅಮ್ಮನಂಥ ಅಮ್ಮಂದಿರು ಇದ್ದರು. ಅವರ ಮನೆಯ ಪಾತ್ರೆಗಳೂ ಒಂದೊಂದೇ ಹೋಗಿರುತ್ತವೆ. ನಮ್ಮ ಆಸ್ಪತ್ರೆಯ ಕಲ್ಲಿಗೆ ಅವರೂ ದುಡ್ಡು ಕೊಟ್ಟಿದ್ದಾರೆ, ಯಾರೂ ಅವರ ಹೆಸರು ಕೆತ್ತಿಸಲಿಲ್ಲ. ಮಗಳು ಒಂದು ವಾಕ್ಯ ಹೇಳಲಿ ಎಂದು ಕೇಳಿಕೊಳ್ಳುತ್ತೇನೆ. ಬಯ್ಯುವುದು ಬೇಡ. ಹೇಳಿದರೆ ಸಾಕು.

ವಡಾಳಾ ಮಾಸ್ತರ್ತಿ
ಅಕ್ಕಾ, ಓದಿದೆ. ಏನು ಬರೆಯಬೇಕೋ ತಿಳಿಯುತ್ತಿಲ್ಲ.

ಡೊಂಬಿವಲಿ 1978
ಮೊದಲು "ಬೇಡ" ಅಂದವನು ನಾನೇ. ಆ ಮಾತನ್ನು ಹಿಂತೆಗೆದುಕೊಳ್ಳುತ್ತೇನೆ. ನಮ್ಮ ಬಿಲ್ಡಿಂಗಿನಲ್ಲೂ ಹಾಗೆ ಹೋದ ಹುಡುಗನೊಬ್ಬ ಇದ್ದ.

ಘಾಟ್‌ಕೋಪರ್ ಲೆಕ್ಕಿಗ
ನರ್ಸಕ್ಕಾ, ನಿಮ್ಮ ಮಾತಿಗೆ ಎದುರು ಮಾತಿಲ್ಲ. ಒಂದೇ ವಿನಂತಿ, ವಾಕ್ಯ ಸರಿಯಾಗಿರಲಿ. "ಅಫೀಮಿನಿಂದ ಆಸ್ಪತ್ರೆ ಕಟ್ಟಿದರು" ಅಂದರೆ ಪೂರ್ತಿ ಸತ್ಯವಲ್ಲ, ಹತ್ತಿಯೂ ಇತ್ತು, ಹಡಗುಗಳೂ ಇದ್ದವು. "ಅವರ ಸಂಪತ್ತಿನ ದೊಡ್ಡ ಭಾಗ ಅಫೀಮಿನ ವ್ಯಾಪಾರದಿಂದ ಬಂತು, ಚೀನಾದಲ್ಲಿ ಅದಕ್ಕೆ ನಿಷೇಧವಿತ್ತು" ಅಂತ ಹೇಳಲಿ. ಆ ವ್ಯಾಪಾರದ ದೊಡ್ಡ ಫಲ ಉಂಡದ್ದು ಕಂಪನಿ ಸರ್ಕಾರ ಎನ್ನುವುದೂ ಬರಲಿ. ಭೂಕಂದಾಯ ಬಿಟ್ಟರೆ ಅವರ ದೊಡ್ಡ ಆದಾಯಗಳಲ್ಲಿ ಅಫೀಮೂ ಒಂದು.

ಪಣಜಿ ಗ್ರಂಥಾಲಯ
ಈ ವಾಕ್ಯ ನನಗೂ ಒಪ್ಪಿಗೆ.

ಚರ್ನಿ ರೋಡ್ ಚಾಳ್
ನನಗೆ ಇನ್ನೂ ಪೂರ್ತಿ ಒಪ್ಪಿಗೆಯಿಲ್ಲ. ಆರು ನಿಮಿಷದ ಭಾಷಣ ಕೇಳಿ ಹೊರಗೆ ಬರುವವರ ತಲೆಯಲ್ಲಿ "ಅಫೀಮು" ಅನ್ನುವ ಪದ ಒಂದೇ ಉಳಿಯುತ್ತದೆ, ಉಳಿದದ್ದೆಲ್ಲ ಮರೆತುಹೋಗುತ್ತದೆ. ಜನ ಹಾಗೆಯೇ. ನರ್ಸಕ್ಕನ ದುಃಖ ದೊಡ್ಡದು, ಅದನ್ನು ಅಲ್ಲಗಳೆಯುತ್ತಿಲ್ಲ.

ಕಲ್ವಾದ ನರ್ಸಕ್ಕ
ಅದೂ ನಿಜ ತಮ್ಮಾ. ಅದಕ್ಕೇ ಕೊನೆಯಲ್ಲಿ ಹೇಳುವುದು ಬೇಡ, ನಡುವೆ ಹೇಳಲಿ. ಕಥೆಯಲ್ಲಿ ಅದು ಇರುವುದೂ ನಡುವೆಯೇ ಅಲ್ಲವೇ.

ಮುಲುಂಡಿನ ಅಮ್ಮ
ಎಲ್ಲರಿಗೂ ಕೈ ಮುಗಿದು ಧನ್ಯವಾದ. ನಿನ್ನೆ ರಾತ್ರಿ ಊಟ ಆದ ಮೇಲೆ ನರ್ಸಕ್ಕ ಬರೆದದ್ದನ್ನು ಮಗಳು ಮಾವನವರಿಗೆ ಜೋರಾಗಿ ಓದಿ ಹೇಳಿದಳು. ಮಾವ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ನಾವು ಯಾರೂ ಕೇಳಿರದ ಒಂದು ವಿಷಯ ಹೇಳಿದರು. ಆ ಹೋಟೆಲಿನಲ್ಲಿ ಅವರ ಜೊತೆ ಗ್ಲಾಸು ತೊಳೆಯುತ್ತಿದ್ದ, ರಾತ್ರಿಶಾಲೆಗೂ ಒಟ್ಟಿಗೇ ಹೋಗುತ್ತಿದ್ದ ಹುಡುಗ ಮುಂದೆ ಹಾಗೆಯೇ ಹಾಳಾದನಂತೆ. ಊರಿಗೆ ಕಳಿಸಲು ಇವರೇ ಬಸ್ಸಿನ ಟಿಕೇಟು ತೆಗೆದುಕೊಟ್ಟರಂತೆ, ಅವನು ಊರು ಮುಟ್ಟಲಿಲ್ಲ. "ಹೇಳಲಿ. ನನ್ನ ಇಪ್ಪತ್ತೆರಡು ದಿನವನ್ನೂ ಹೇಳಲಿ, ಅದನ್ನೂ ಹೇಳಲಿ" ಅಂದರು.

ಭಾಷಣ ಸಿದ್ಧವಾಗಿದೆ. ಆವಾಬಾಯಿ ಇದ್ದಾರೆ, ಹೆಬ್ಬಾರರೂ ಇದ್ದಾರೆ, ದಾದಾಭಾಯಿಯವರೂ ಬಂದಿದ್ದಾರೆ. ಅಫೀಮಿನ ವಾಕ್ಯ ಲೆಕ್ಕಿಗ ಅಣ್ಣ ಹೇಳಿದ ಹಾಗೆಯೇ, ನಡುವೆ ಇದೆ. ಈಗ ತೊಂದರೆ ಒಂದೇ, ಗಡಿಯಾರ ಇಟ್ಟು ಓದಿಸಿದರೆ ಏಳೂವರೆ ನಿಮಿಷ ಬರುತ್ತಿದೆ. ಏನು ತೆಗೆಯಲಿ?

ಮೊಗಲ್ ಲೇನ್ ಹಳಬ
ಚರ್ನಿ ರೋಡ್ ತೆಗೆಯಿರಿ, ಅದರಲ್ಲಿ ಎರಡು ಅಭಿಪ್ರಾಯ ಇದೆ.

ಚರ್ನಿ ರೋಡ್ ಚಾಳ್
ದಯವಿಟ್ಟು ಬೇಡ! ಹೆಸರಿನ ಮಾತು ಬಿಡಿ, ದನಗಳ ಮಾತು ಇರಲಿ.

ವಡಾಳಾ ಮಾಸ್ತರ್ತಿ
ಬಿರುದುಗಳ ಪಟ್ಟಿ ತೆಗೆಯಿರಿ. ಸರ್ ಯಾವಾಗ ಆದರು, 1857ರಲ್ಲಿ ಬ್ಯಾರೊನೆಟ್ ಹೇಗಾದರು, ಮೊದಲ ಭಾರತೀಯರು, ಮಕ್ಕಳು ಮೊಮ್ಮಕ್ಕಳೆಲ್ಲ ಅದೇ ಹೆಸರು ಇಟ್ಟುಕೊಂಡರು, ಇದೆಲ್ಲ ಹೋದರೆ ಒಂದು ನಿಮಿಷ ಉಳಿಯುತ್ತದೆ.

ಮುಲುಂಡಿನ ಅಮ್ಮ
ಬಿರುದು ತೆಗೆದೆವು. ದನಗಳು ಉಳಿದವು. ಐದು ನಿಮಿಷ ಐವತ್ತು ಸೆಕೆಂಡು.